ಮನೆಯ ನಾಯಿ ಮತ್ತು ಮನೆಯ ಯಜಮಾನ

(ಕಿಬ್ಬನಹಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಎದ್ದು ನಿಂತನೆಂದರೆ ತೆಂಗಿನ ಪಾತಿಗೆ ಗೊಬ್ಬರ ಎಷ್ಟು, ರಾಗಿಯ ಬಿತ್ತನೆ ಯಾವಾಗ, ಕಾಂಡ ಸೋರುವ ರೋಗಕ್ಕೆ ಮದ್ದೇನು ಎಂದು ಹೇಳುತ್ತಾನೆಂದು ತಾವು ನಿರೀಕ್ಷಿಸುವುದು ಸಹಜ. ಆ ವಿಷಯಗಳಿಗೆ ಬೇರೆ ದಿನವಿದೆ. ಈ ದಿನ ನಾನು ಹೇಳಹೊರಟಿರುವುದು ನಾಯಿಯ ವಿಷಯ. ಯಾರೂ ನಗಬಾರದು. ನಾಯಿಯ ವಿಷಯವೆಂದರೆ ಮನೆಯ ಮಕ್ಕಳ ಪ್ರಾಣದ ವಿಷಯವೂ ಹೌದೆಂಬುದು ಈ ಮಾತು ಮುಗಿಯುವುದರೊಳಗೆ ತಮಗೆ ತಿಳಿದೀತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟದ ಮನೆ ಎಂದ ಮೇಲೆ ಅಲ್ಲಿ ಒಂದು ನಾಯಿ ಇದ್ದೇ ಇರುತ್ತದೆ. ತೋಟದಲ್ಲಿ ಕೆಡವಿ ರಾಶಿ ಹಾಕಿದ ಕಾಯಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿ, ಕೊಟ್ಟಿಗೆಯ ಕರು, ಹಟ್ಟಿಯ ಕುರಿ, ಪಂಪಿನ ಮನೆಯ ತಂತಿ, ಇವೆಲ್ಲದರ ಕಾವಲು ಅದರದು. ಅದಕ್ಕೆ ನಾವು ಕೊಡುವ ಸಂಬಳ ಎರಡು ತುತ್ತು ಮುದ್ದೆ. ಇಷ್ಟು ಕಡಿಮೆ ಕೂಲಿಗೆ ಇಷ್ಟು ಹೊತ್ತು ದುಡಿಯುವ ಆಳು ಇನ್ನೊಬ್ಬನಿಲ್ಲ.

ಆದರೆ ಇದೇ ನಾಯಿ ಕಾಯಿ ಕೆಡವಲು ಬಂದವನ ಮೀನಖಂಡಕ್ಕೆ ಬಾಯಿ ಹಾಕುತ್ತದೆ. ಡೇರಿಗೆ ಹಾಲು ಕೊಂಡೊಯ್ಯುವ ಹೆಂಗಸನ್ನು ಅಟ್ಟಿಸಿಕೊಂಡು ಹೋಗುತ್ತದೆ. ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗನನ್ನು ಕಚ್ಚುತ್ತದೆ. ಆಗ ಯಜಮಾನನು "ಈ ನಾಯಿಯ ಜಾತಿಯೇ ಕೆಟ್ಟದ್ದು" ಎಂದು ದೊಣ್ಣೆ ಹಿಡಿಯುತ್ತಾನೆ. ಪಕ್ಕದ ಮನೆಯವರೊಡನೆ ಜಗಳ, ಮಾತು ಬಿಡುವುದು, ಕಡೆಗೆ ನಾಯಿಯನ್ನು ಮೂಟೆ ಕಟ್ಟಿ ಊರಾಚೆ ಬಿಟ್ಟುಬರುವುದು. ಕಾವಲಿಗೆಂದು ಸಾಕಿದ ನಾಯಿ ಕೇಡಿಗೆ ಕಾರಣವಾಗುವುದು ಏಕೆ? ಬಹುಮಟ್ಟಿಗೆ ಅದು ನಾಯಿಯ ಜಾತಿಯಿಂದಲ್ಲ, ಮನೆಯ ರೀತಿಯಿಂದ. ಇದೇ ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು.

ನಮ್ಮ ನಾಡಿನಲ್ಲಿ ನಾಯಿಗೆ ಸಂದ ಗೌರವ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 950ರ ಸುಮಾರಿನ ಕನ್ನಡ ಶಾಸನ ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾದಾಗ ಗಂಗರ ದೊರೆ ಬೂತುಗನು ಕೃಷ್ಣನ ಪಕ್ಷದಲ್ಲಿದ್ದನು. ಬೂತುಗನ ಕಡೆಯ ಮಣಲೇರನೆಂಬ ವೀರನು ಆ ಯುದ್ಧದಲ್ಲಿ ಚೆನ್ನಾಗಿ ಕಾದಿದನು. ದೊರೆ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಮುಂದೆ ಬೆಳತೂರಿನ ಹತ್ತಿರದ ಬೆಟ್ಟದಲ್ಲಿ ಆ ಕಾಳಿಯೂ ಒಂದು ದೊಡ್ಡ ಕಾಡುಹಂದಿಯೂ ಹೋರಾಡಿ ಎರಡೂ ಸತ್ತವು. ಮಣಲೇರನು ಕಾಳಿಗಾಗಿ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟನು. ನಾಯಿ ಮತ್ತು ಹಂದಿ ಕಾದುವ ಚಿತ್ರ ಆ ಕಲ್ಲಿನ ಮೇಲೆ ಇಂದಿಗೂ ಇದೆ.

ಇನ್ನು ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ತಾವೆಲ್ಲ ಕೇಳಿ ಬಲ್ಲಿರಿ. ಅದರ ಚಿತ್ರವಿರುವ ಅಂಚೆ ಚೀಟಿ 2005ರಲ್ಲಿ ಹೊರಬಂದಿತು. 2016ರಲ್ಲಿ ಸೈನ್ಯದವರು ಮುಧೋಳದ ಮರಿಗಳನ್ನು ತರಬೇತಿಗೆಂದು ಮೀರತ್ತಿಗೆ ಒಯ್ದರು. ಇದನ್ನು ಕೇಳಿ, ನಾವೂ ದುಡ್ಡು ಕೊಟ್ಟು ಜಾತಿ ನಾಯಿ ತರಬೇಕೆಂದು ಹೊರಡಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಹುಟ್ಟಿದ ಕರಿಯ, ಕೆಂಪಗಳಿಗೂ ಬುದ್ಧಿ ಕಡಿಮೆಯಿಲ್ಲ. ಕೋಲ್ಕತ್ತಾದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಮತ್ತು ಅವರ ಸಂಗಡಿಗರು ಬೀದಿ ನಾಯಿಗಳನ್ನೇ ಪರೀಕ್ಷಿಸಿ ನೋಡಿದ್ದಾರೆ. ಯಾವ ತರಬೇತಿಯೂ ಇಲ್ಲದ ನಾಯಿಗಳ ಮುಂದೆ ಅಪರಿಚಿತನೊಬ್ಬನು ಎರಡು ಪಾತ್ರೆಗಳಲ್ಲಿ ಒಂದನ್ನು ಕೈಯಿಂದ ತೋರಿಸಿದಾಗ, ಹತ್ತಿರ ಬಂದ ನಾಯಿಗಳಲ್ಲಿ ಸುಮಾರು ಐದಕ್ಕೆ ನಾಲ್ಕು ಕೈ ತೋರಿದ ಕಡೆಗೇ ಹೋದವೆಂದು 2020ರಲ್ಲಿ ಅವರು ಪ್ರಕಟಿಸಿದರು. ಅದಕ್ಕೂ ಮುಂಚೆ, 2017ರಲ್ಲಿ, ಇನ್ನೊಂದು ಸಂಗತಿಯನ್ನು ತಿಳಿಸಿದ್ದರು. ಬರೀ ತಿಂಡಿ ಹಾಕಿದವನಿಗಿಂತ ತಲೆ ಸವರಿದವನನ್ನೇ ಬೀದಿ ನಾಯಿಗಳು ಹೆಚ್ಚಾಗಿ ನಂಬುತ್ತವೆ ಎಂಬುದು ಆ ಸಂಗತಿ. ಅಂದ ಮೇಲೆ ನಮ್ಮ ನಾಯಿ ನಮ್ಮ ಕೈಯನ್ನು ನೋಡುತ್ತಿದೆ. ಆ ಕೈ ಏನು ಹೇಳುತ್ತದೆ ಎಂಬುದು ನಮಗೆ ಬಿಟ್ಟದ್ದು.

ನಾಯಿಯ ಭಾಷೆ

ನಾಯಿಗೆ ಬಾಯಿ ಇಲ್ಲ, ಮಾತು ಉಂಟು. ಅದು ಮೈಯಿಂದ ಮಾತನಾಡುತ್ತದೆ. ಆಕಾಶ ನೋಡಿ ಮಳೆ ಹೇಳುವ ರೈತನಿಗೆ ಇದನ್ನು ಕಲಿಯುವುದು ಕಷ್ಟವಲ್ಲ.

ಬಾಲ ಆಡಿಸಿದ ನಾಯಿಯೆಲ್ಲ ಸ್ನೇಹದ ನಾಯಿ ಎಂದು ತಿಳಿಯಬಾರದು. ಮೈಯೆಲ್ಲ ಸಡಿಲವಾಗಿ, ಸೊಂಟದಿಂದ ಹಿಡಿದು ಬಾಲವನ್ನು ಅಗಲವಾಗಿ ಬೀಸಿದರೆ ಅದು ಸಂತೋಷ. ಮೈಯನ್ನು ಸೆಟೆದು, ಬಾಲವನ್ನು ಮೇಲೆತ್ತಿ, ತುದಿಯನ್ನು ಮಾತ್ರ ಪಟಪಟನೆ ಅಲುಗಿಸಿದರೆ ಅದು ಎಚ್ಚರಿಕೆ. ಬಾಲವನ್ನು ಕಾಲಸಂದಿಗೆ ಸೇರಿಸಿ ಮೈ ಕುಗ್ಗಿಸಿದರೆ ಅದು ಭಯ. ನಿದ್ದೆಯ ಹೊತ್ತಲ್ಲದ ಹೊತ್ತಿನಲ್ಲಿ ಆಕಳಿಸುವುದು, ತಿಂಡಿ ಕಾಣದಿದ್ದರೂ ಮೂತಿ ನೆಕ್ಕಿಕೊಳ್ಳುವುದು, ಮುಖ ಬೇರೆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ವಾರೆನೋಟ ಬೀರುವುದು, ಇವೆಲ್ಲ "ನನಗೆ ಇದು ಹಿಡಿಸುತ್ತಿಲ್ಲ, ಸಾಕು ಮಾಡಿ" ಎಂದು ಹೇಳುವ ರೀತಿ. ಮಗು ನಾಯಿಯ ಕತ್ತು ತಬ್ಬಿಕೊಂಡಾಗ ನಾಯಿ ಹೀಗೆ ಮಾಡಿತೆಂದರೆ ಮಗುವನ್ನು ಮೆಲ್ಲನೆ ಈಚೆಗೆ ಕರೆಯಿರಿ. "ಇದ್ದಕ್ಕಿದ್ದಂತೆ ಕಚ್ಚಿತು" ಎಂದು ನಾವು ಹೇಳುವ ನಾಯಿ ಸಾಮಾನ್ಯವಾಗಿ ಮುಂಚೆಯೇ ಹತ್ತು ಸಲ ಹೇಳಿರುತ್ತದೆ. ನಾವು ಕೇಳಿರುವುದಿಲ್ಲ.

ಇದರಲ್ಲಿ ಗುರುಗುಟ್ಟುವುದನ್ನು ವಿಶೇಷವಾಗಿ ಗಮನಿಸಬೇಕು. ನಾಯಿ ಗುರ್ ಎಂದೊಡನೆ ತಲೆಯ ಮೇಲೆ ಒಂದು ಏಟು ಕೊಡುವುದು ನಮ್ಮ ವಾಡಿಕೆ. ಗುರುಗುಟ್ಟುವುದೆಂದರೆ ನಾಯಿ ಕೊಡುವ ನೋಟೀಸು. ನೋಟೀಸು ಕೊಟ್ಟಾಗಲೆಲ್ಲ ಏಟು ಬಿದ್ದರೆ ಅದು ನೋಟೀಸು ಕೊಡುವುದನ್ನು ಬಿಡುತ್ತದೆಯೇ ಹೊರತು ಸಿಟ್ಟನ್ನು ಬಿಡುವುದಿಲ್ಲ. ಮುಂದೊಂದು ದಿನ ಸದ್ದಿಲ್ಲದೆ ಕಚ್ಚುವ ನಾಯಿ ತಯಾರಾಗುವುದು ಹೀಗೆ. ಗುರುಗುಟ್ಟಿದರೆ ಹಿಂದೆ ಸರಿಯಿರಿ. ಕಾರಣವೇನೆಂದು ನೋಡಿರಿ. ಊಟದ ತಟ್ಟೆಗೆ ಯಾರಾದರೂ ಕೈಹಾಕಿದರೇ? ಮರಿ ಹಾಕಿದ ಹೆಣ್ಣುನಾಯಿಯ ಹತ್ತಿರ ಹೋದರೇ? ಕಿವಿಯಲ್ಲಿ ಹುಣ್ಣಾಗಿದೆಯೇ? ಕಾಲಿಗೆ ಮುಳ್ಳು ಹೊಕ್ಕಿದೆಯೇ? ಕಾರಣವನ್ನು ಕಳೆದರೆ ಗುರುಗುಟ್ಟುವುದೂ ಕಳೆಯುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಮುಂದೆ ನುಗ್ಗುವುದೂ ಬೇಡ. ಆ ಗಾದೆಯನ್ನು ನಾಯಿ ಕೇಳಿಲ್ಲ.

ಯಜಮಾನಿಕೆ ಎಂದರೇನು?

ನಾಯಿಗೆ ಯಜಮಾನ ಬೇಕು ಎಂಬುದು ನಿಜ. ಆದರೆ ಯಜಮಾನಿಕೆ ಎಂದರೆ ಹೊಡೆತ ಎಂದು ಅನೇಕರು ತಿಳಿದಿದ್ದಾರೆ. ಇದು ನಮ್ಮಲ್ಲಿ ಮಾತ್ರವಲ್ಲ, ಪಾಶ್ಚಾತ್ಯರಲ್ಲಿಯೂ ಬಹುಕಾಲ ಇದ್ದ ಎಣಿಕೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸರು ಸ್ವಿಟ್ಜರ್ಲೆಂಡಿನ ಮೃಗಾಲಯದ ತೋಳಗಳನ್ನು ನೋಡಿ ಒಂದು ಲೇಖನ ಬರೆದರು. ಎಲ್ಲೆಲ್ಲಿಂದಲೋ ತಂದು ಒಂದೇ ದೊಡ್ಡಿಯಲ್ಲಿ ಕೂಡಿಹಾಕಿದ್ದ ಆ ತೋಳಗಳು ಮೇಲುಗೈಗಾಗಿ ಕಚ್ಚಾಡುತ್ತಿದ್ದವು. ಗುಂಪನ್ನು ಹೆದರಿಸಿ ಆಳುವುದೇ ನಾಯಕನ ಲಕ್ಷಣವೆಂಬ ಮಾತು ಅಲ್ಲಿಂದ ಹರಡಿತು. ತೋಳದ ವಂಶದ್ದಾದ ನಾಯಿಯನ್ನೂ ಹಾಗೆಯೇ ಅಡಗಿಸಬೇಕೆಂದು ಹಲವರು ಕಲಿಸಿದರು. ಅಮೆರಿಕದ ಡೇವಿಡ್ ಮೆಕ್ ಎಂಬುವರೂ ತೋಳಗಳ ಮೇಲಿನ ತಮ್ಮ 1970ರ ಪುಸ್ತಕದಲ್ಲಿ ಈ ಮಾತನ್ನು ಹೇಳಿದ್ದರು. ಆದರೆ ಅವರು ಕೆನಡಾದ ಉತ್ತರದ ದ್ವೀಪವೊಂದರಲ್ಲಿ ಸ್ವತಂತ್ರವಾಗಿ ಬಾಳುವ ತೋಳಗಳನ್ನು ವರ್ಷವರ್ಷವೂ ಕಂಡ ಮೇಲೆ ಬೇರೆ ತೀರ್ಮಾನಕ್ಕೆ ಬಂದು 1999ರಲ್ಲಿ ಪ್ರಕಟಿಸಿದರು. ತೋಳದ ಹಿಂಡೆಂದರೆ ತಂದೆ, ತಾಯಿ, ಮಕ್ಕಳ ಸಂಸಾರ. ಅಲ್ಲಿ ಮುಂದಾಳುಗಳೆಂದರೆ ತಂದೆತಾಯಿಗಳೇ, ಗೆದ್ದು ಪಟ್ಟಕ್ಕೆ ಬಂದವರಲ್ಲ.

ಇದನ್ನು ತಿಳಿಯಲು ನಮಗೆ ತೋಳದ ದ್ವೀಪದವರೆಗೆ ಹೋಗುವ ಅಗತ್ಯವಿಲ್ಲ. ತುಂಬಿದ ಮನೆಯ ಒಳ್ಳೆಯ ಯಜಮಾನನನ್ನು ನೆನೆಯಿರಿ. ಅವನು ದಿನವೆಲ್ಲ ಕೂಗಾಡುವುದಿಲ್ಲ. ಇಂದು ಒಂದು ಮಾತು, ನಾಳೆ ಒಂದು ಮಾತು ಆಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಕೆಲಸ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅವನು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರೂ ಮನೆ ನಡೆಯುತ್ತದೆ. ಕೂಗಾಡುವ ಯಜಮಾನನ ಮನೆಯಲ್ಲಿ ಎಲ್ಲರೂ ಹೆದರುತ್ತಾರೆ, ಯಾರೂ ಕೇಳುವುದಿಲ್ಲ.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಎತ್ತುಗಳು. ನಮ್ಮದು ಅಮೃತ ಮಹಲ್ ಕಾವಲುಗಳ ಸೀಮೆ. ಚುರುಕಿಗೂ ಮೊಂಡಿಗೂ ಹೆಸರಾದ ಆ ದನಗಳನ್ನು ಹೂಡಿ ಆರಂಭ ಮಾಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಹೊಸ ಹೋರಿಯನ್ನು ಪಳಗಿಸುವಾಗ ತಾವು ಏನು ಮಾಡುತ್ತಿದ್ದಿರಿ? ಪಳಗಿದ ಎತ್ತಿನ ಜೊತೆ ಹೂಡಿ, ಪ್ರತಿದಿನವೂ ಅದೇ ಹೊತ್ತಿಗೆ, ಅದೇ ದನಿಯಲ್ಲಿ, ಅದೇ ಮಾತು. ಹೋ ಎಂದರೆ ನಿಲ್ಲಬೇಕು, ನಿಂತರೆ ಬೆನ್ನು ಸವರಬೇಕು. ಹೋ ಎನ್ನುತ್ತಲೇ ಬಾರುಕೋಲಿನಿಂದ ಬಾರಿಸಿದರೆ ಅದು ನಿಲ್ಲುವುದನ್ನು ಎಂದಿಗೂ ಕಲಿಯದು. ಎತ್ತಿಗೆ ಮಾತು ಕಲಿಸಿದವನಿಗೆ ನಾಯಿಗೆ ಕಲಿಸುವುದು ಹೊಸ ವಿದ್ಯೆಯಲ್ಲ. ಎತ್ತಿಗೆ ತೋರಿಸಿದ ತಾಳ್ಮೆಯನ್ನು ನಾಯಿಗೂ ತೋರಿಸಿದರೆ ಸಾಕು.

ಮನೆಯಲ್ಲಿ ನಡೆಸಬೇಕಾದ ಕ್ರಮ

ಮೊದಲನೆಯದಾಗಿ, ಮನೆಯವರೆಲ್ಲರ ಮಾತು ಒಂದೇ ಇರಬೇಕು. ಅಜ್ಜ ಜಗಲಿಯ ಮೇಲೆ ಕರೆದು ಮಲಗಿಸಿಕೊಳ್ಳುತ್ತಾರೆ, ಮಗ ಅದೇ ಜಗಲಿಯಿಂದ ಒದ್ದು ಇಳಿಸುತ್ತಾನೆ, ಸೊಸೆ ಹಚಾ ಎಂದು ನೀರು ಚೆಲ್ಲುತ್ತಾಳೆ, ಮೊಮ್ಮಗ ಬಿಸ್ಕತ್ತು ಕೊಟ್ಟು ಒಳಕ್ಕೆ ಎಳೆಯುತ್ತಾನೆ. ಜಗಲಿ ಹತ್ತಬೇಕೋ ಹತ್ತಬಾರದೋ ಎಂಬುದು ಆ ನಾಯಿಗೆ ತಿಳಿಯುವ ಬಗೆ ಹೇಗೆ? ಒಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ತೀರ್ಮಾನ ಮಾಡಿರಿ. ನಾಯಿ ಎಲ್ಲಿಯವರೆಗೆ ಬರಬಹುದು, ಎಲ್ಲಿ ಮಲಗಬೇಕು, ಯಾವ ಹೊತ್ತಿಗೆ ಊಟ, ಯಾರು ಹಾಕಬೇಕು ಎಂಬುದನ್ನು ಗೊತ್ತುಮಾಡಿ, ಎಲ್ಲರೂ ಅದರಂತೆ ನಡೆಯತಕ್ಕದ್ದು. "ಬಾ", "ಕೂರು", "ಬೇಡ" ಎಂಬ ಮೂರು ಮಾತು ಸಾಕು. ಒಬ್ಬರು "ಬಾ" ಎಂದು, ಇನ್ನೊಬ್ಬರು "ತೋ ತೋ" ಎಂದು, ಮತ್ತೊಬ್ಬರು ಸಿಳ್ಳೆ ಹಾಕಿ ಕರೆಯಬಾರದು.

ಎರಡನೆಯದಾಗಿ, ಒಳ್ಳೆಯದನ್ನು ಮಾಡಿದ ಕ್ಷಣದಲ್ಲೇ ಮೆಚ್ಚಬೇಕು. ರಷ್ಯದ ಪಾವ್ಲೋವ್ ಎಂಬ ವಿಜ್ಞಾನಿ ಊಟಕ್ಕೆ ಸ್ವಲ್ಪ ಮುಂಚೆ ಪ್ರತಿಸಲವೂ ಒಂದು ಶಬ್ದ ಕೇಳಿಸಿ, ಆಮೇಲೆ ಬರೀ ಶಬ್ದಕ್ಕೇ ನಾಯಿ ಜೊಲ್ಲು ಸುರಿಸುವುದನ್ನು ತೋರಿಸಿಕೊಟ್ಟರು. ನಾಯಿಯ ಮನಸ್ಸು ಒಂದರ ಹಿಂದೆಯೇ ಬಂದ ಇನ್ನೊಂದನ್ನು ಜೋಡಿಸಿಕೊಳ್ಳುತ್ತದೆ. ಕರೆದೊಡನೆ ಬಂದರೆ ಆಗಲೇ ತಲೆ ಸವರಿ, ಒಂದು ಚೂರು ಕೊಬ್ಬರಿಯನ್ನೋ ರೊಟ್ಟಿಯನ್ನೋ ಕೊಡಿ. ಅರ್ಧ ಗಂಟೆಯ ಮೇಲೆ ಕೊಟ್ಟರೆ ಅದು ಏತಕ್ಕೆಂದು ಅದಕ್ಕೆ ತಿಳಿಯದು. ಶಿಕ್ಷೆಗೂ ಇದೇ ಮಾತು. ಬೆಳಿಗ್ಗೆ ಕೋಳಿಮರಿ ಹಿಡಿದ ನಾಯಿಯನ್ನು ಮಧ್ಯಾಹ್ನ ಹತ್ತಿರ ಕರೆದು ಬಡಿದರೆ, ಅದು ಕಲಿಯುವುದು ಒಂದೇ ಪಾಠ: ಯಜಮಾನ ಕರೆದಾಗ ಹೋಗಬಾರದು. ಆದುದರಿಂದ ಹೊಡೆಯುವುದಕ್ಕಾಗಿ ನಾಯಿಯನ್ನು ಎಂದಿಗೂ ಹತ್ತಿರ ಕರೆಯಬಾರದು.

ಮೂರನೆಯದಾಗಿ, ಬೇಡದ ಚಾಳಿಗೆ ಲಾಭ ಸಿಗದಂತೆ ಮಾಡಬೇಕು. ಮೈಮೇಲೆ ಹಾರುವ ನಾಯಿಯನ್ನು ಕೂಗಿ ತಳ್ಳಿದರೆ ಅದಕ್ಕೆ ಅದೂ ಆಟವೇ. ಮಾತಿಲ್ಲದೆ ಬೆನ್ನು ತಿರುಗಿಸಿ ನಿಂತು, ನಾಲ್ಕು ಕಾಲೂ ನೆಲಕ್ಕೆ ಬಂದ ಮೇಲೆ ಮೆಲ್ಲನೆ ಮಾತನಾಡಿಸಿರಿ. ಬೊಗಳುವ ನಾಯಿಯ ಜೊತೆ ನಾವೂ ಕೂಗಿದರೆ ಯಜಮಾನನೂ ಜೊತೆಗೆ ಬೊಗಳುತ್ತಿದ್ದಾನೆಂದು ಅದು ಹುರುಪುಗೊಳ್ಳುತ್ತದೆ. ಎದ್ದುಹೋಗಿ, ಬಂದವರು ಯಾರೆಂದು ನೋಡಿ, "ಸಾಕು" ಎಂದು ತಗ್ಗಿದ ದನಿಯಲ್ಲಿ ಹೇಳಿ ಹಿಂದಕ್ಕೆ ಕರೆಯಿರಿ. ಸುದ್ದಿ ಮುಟ್ಟಿತೆಂದು ಅದಕ್ಕೆ ಗೊತ್ತಾಗಬೇಕು.

ನಾಲ್ಕನೆಯದಾಗಿ, ಮರಿಯಲ್ಲೇ ಜನರ ಬಳಕೆ ಮಾಡಿಸಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮರಿಗೆ ಸುಮಾರು ಮೂರು ವಾರದಿಂದ ಮೂರು ತಿಂಗಳವರೆಗಿನ ಕಾಲ ಬಹಳ ಮುಖ್ಯವಾದದ್ದು. ಆ ಕಾಲದಲ್ಲಿ ಕಂಡದ್ದೆಲ್ಲ ಅದಕ್ಕೆ ಲೋಕದ ಸಹಜ ವಸ್ತುವಾಗುತ್ತದೆ, ಕಾಣದ್ದೆಲ್ಲ ಮುಂದೆ ಭಯದ ವಸ್ತುವಾಗುತ್ತದೆ. ಮಕ್ಕಳು, ಮುದುಕರು, ದೋಟಿ ಹಿಡಿದು ಬರುವ ಕಾಯಿ ಕೆಡವುವವರು, ಕಾಯಿ ಸುಲಿಯುವವರು, ಟ್ರಾಕ್ಟರು, ಕುರಿಮಂದೆ, ಇವನ್ನೆಲ್ಲ ಮರಿಗೆ ದೂರದಿಂದ ಮೊದಲು ಮಾಡಿ ಹತ್ತಿರದವರೆಗೆ ನಿಧಾನವಾಗಿ ತೋರಿಸಿರಿ. ಹೆದರಿದರೆ ಬಲವಂತ ಮಾಡದೆ ದೂರ ಸರಿಸಿರಿ. ಎಂಟು ವಾರ ತುಂಬುವ ಮುಂಚೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ.

ಐದನೆಯದಾಗಿ, ಹಗಲೂ ರಾತ್ರಿ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಬಾರದು. ಕಟ್ಟಿದ ನಾಯಿ ಓಡಲಾರದು, ಬಂದವರು ಯಾರೆಂದು ಮೂಸಿ ತಿಳಿಯಲಾರದು. ಉಳಿದಿರುವ ದಾರಿ ಕಚ್ಚುವುದೊಂದೇ. ಕಟ್ಟಿದರೆ ನಾಯಿ ಚೂಟಿಯಾಗುತ್ತದೆ ಎನ್ನುವವರಿದ್ದಾರೆ. ಅದು ಚೂಟಿಯಲ್ಲ, ತಳಮಳ. ಬೆಳಿಗ್ಗೆ ನೀರು ಹಾಯಿಸಲು ಹೋಗುವಾಗ ಜೊತೆಯಲ್ಲಿ ಕರೆದುಕೊಂಡು ಹೋಗಿ ತೋಟದ ಎಲ್ಲೆಯನ್ನು ಒಂದು ಸುತ್ತು ಹಾಕಿಸಿರಿ. ಕಾಯಿ ಕೆಡವುವ ದಿನ, ಆಳುಗಳು ಬರುವ ದಿನ, ಸ್ವಲ್ಪ ಹೊತ್ತು ನೆರಳಿನಲ್ಲಿ ಉದ್ದವಾದ ಹಗ್ಗದಲ್ಲಿ ನೀರಿಟ್ಟು ಕಟ್ಟುವುದು ತಪ್ಪಲ್ಲ. ದಾರಿಹೋಕರ ಮೇಲೆ ಛೂ ಬಿಟ್ಟು ನಗುವ ಹುಡುಗರಿಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಇಂದು ತಮಾಷೆಗೆ ಕಲಿತದ್ದನ್ನು ನಾಯಿ ನಾಳೆ ಅಂಗನವಾಡಿಯ ಮಗುವಿನ ಮೇಲೆ ತೋರಿಸುತ್ತದೆ.

ಚಿರತೆ, ಇಲಿಪಾಷಾಣ, ಹರಳುಹಿಂಡಿ

ನಮ್ಮ ಕಡೆ ಚಿರತೆಯ ಹಾವಳಿ ಇದೆ. ನಾಯಿ ಇದ್ದರೆ ಚಿರತೆ ಬರುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಸಂಗತಿ ಬೇರೆ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ, ಊರು ಮತ್ತು ಬೇಸಾಯದ ನಡುವೆ ಬಾಳುವ ಚಿರತೆಗಳ ಆಹಾರವನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಪರೀಕ್ಷಿಸಿದರು. ತೂಕದ ಲೆಕ್ಕದಲ್ಲಿ ಶೇಕಡಾ 39ರಷ್ಟು ನಾಯಿಯೇ ಆಗಿತ್ತು. ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಎಂದರೆ ಚಿರತೆಗೆ ಬಡಿಸಿಟ್ಟ ಎಲೆ. ಅದು ಚಿರತೆಯನ್ನು ಮನೆ ಬಾಗಿಲಿಗೆ ಕರೆಯುತ್ತದೆ. ಚಿರತೆ ಓಡಾಡುವ ಸುದ್ದಿ ಇದ್ದಾಗ ರಾತ್ರಿ ನಾಯಿಯನ್ನು ಬಾಗಿಲಿರುವ ಗಟ್ಟಿ ಗೂಡಿನಲ್ಲೋ ಕೊಟ್ಟಿಗೆಯಲ್ಲೋ ಬಿಡಿ. ಅಲ್ಲಿಂದಲೇ ಅದು ಬೊಗಳಿ ಎಚ್ಚರಿಸುತ್ತದೆ. ಕಾವಲಿಗೆ ಅದರ ಕಿವಿ ಮೂಗು ಸಾಕು, ಪ್ರಾಣ ಕೊಡಬೇಕಾಗಿಲ್ಲ.

ತೋಟದ ಮನೆಯಲ್ಲಿ ಇನ್ನೆರಡು ಅಪಾಯಗಳಿವೆ. ಕೊಬ್ಬರಿಯ ಅಟ್ಟಕ್ಕೆ ಇಲಿಪಾಷಾಣ ಇಡುವಾಗ ನಾಯಿಗೆ ಎಟುಕದಂತೆ ಇಡಿ. ಸತ್ತ ಇಲಿಯನ್ನು ಹುಡುಕಿ ಹೂಳಿರಿ. ಎರಡನೆಯದು, ತೆಂಗಿನ ಪಾತಿಗೆ ಹಾಕುವ ಹರಳುಹಿಂಡಿ. ಅದರ ವಾಸನೆಗೆ ನಾಯಿ ಆಸೆಪಟ್ಟು ತಿನ್ನುತ್ತದೆ. ಹರಳು ಬೀಜದ ವಿಷ ಹಿಂಡಿಯಲ್ಲಿ ಉಳಿದಿರುವುದರಿಂದ ವಾಂತಿ, ರಕ್ತಭೇದಿಯಾಗಿ ಸಾಯಬಹುದು. ಹಿಂಡಿ ಹಾಕಿದ ಕೂಡಲೇ ಮಣ್ಣು ಮುಚ್ಚಿರಿ. ಚೀಲವನ್ನು ಮೇಲೆ ಇಡಿರಿ. ತಿಂದದ್ದು ಕಂಡರೆ ತಡಮಾಡದೆ ಪಶು ವೈದ್ಯರನ್ನು ಕಾಣಿರಿ. 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯ ಕೇಳಬಹುದು.

ಮಕ್ಕಳಿಗೆ ಕಲಿಸಬೇಕಾದದ್ದು

ಅಪರಿಚಿತ ನಾಯಿ ಎದುರಾದರೆ ಓಡಬಾರದು. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ತೆಂಗಿನ ಮರದಂತೆ ನೆಟ್ಟಗೆ, ಕೈಗಳನ್ನು ಮೈಗೆ ಸೇರಿಸಿ, ಅದರ ಕಣ್ಣನ್ನು ದಿಟ್ಟಿಸದೆ ನೆಲ ನೋಡುತ್ತ ನಿಲ್ಲಬೇಕು. ಮೂಸಿ ನೋಡಿ ಹೊರಟುಹೋಗುತ್ತದೆ. ಕೆಡವಿಬಿಟ್ಟರೆ ಮುದುರಿ ಮಲಗಿ ಕತ್ತು ಕಿವಿಗಳನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ಉಣ್ಣುವ ನಾಯಿ, ಮಲಗಿದ ನಾಯಿ, ಮರಿಯ ಜೊತೆಗಿರುವ ನಾಯಿ, ಈ ಮೂರನ್ನೂ ಮುಟ್ಟಕೂಡದು. ಚಿಕ್ಕ ಮಕ್ಕಳನ್ನು, ನಮ್ಮದೇ ನಾಯಿಯಾದರೂ ಸರಿ, ಅದರೊಡನೆ ಒಂಟಿಯಾಗಿ ಬಿಡಬಾರದು.

ಹುಚ್ಚುನಾಯಿ ರೋಗ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಎಷ್ಟು ಒಳ್ಳೆಯ ನಡತೆ ಕಲಿಸಿದ್ದರೂ ಲಸಿಕೆ ಹಾಕಿಸದ ನಾಯಿ ಬೇಲಿಯಿಲ್ಲದ ತೋಟವಿದ್ದಂತೆ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಲಕ್ಷಣಗಳು ಕಾಣಿಸಿಕೊಂಡ ಮೇಲೆ ವಾಸಿಯಾಗುವ ಆಸೆ ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಸರಿಯಾದ ಕ್ರಮ ಕೈಗೊಂಡರೆ ಅದನ್ನು ಪೂರ್ತಿಯಾಗಿ ತಡೆಯಬಹುದು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅವರು ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಲಸಿಕೆ ಕೊಟ್ಟು ಉಳಿಸಿದರು. ಅವರು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ.

ನಾಯಿ ಕಚ್ಚಿದರೆ, ಅಥವಾ ಅದರ ಉಗುರು ತರಚಿದರೂ, ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯವನ್ನು ತೊಳೆಯಬೇಕು. ಪಂಪಿನ ನೀರೋ ನಲ್ಲಿಯ ನೀರೋ ಯಾವುದಾದರೂ ಆದೀತು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಯಾವುದನ್ನೂ ಮೆತ್ತಬಾರದು. ಬಟ್ಟೆ ಬಿಗಿಯಬಾರದು. ಮಂತ್ರ ಹಾಕಿಸಲು ಹೋಗಿ ದಿನ ಕಳೆಯಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಲೆಕ್ಕ ಹಿಡಿದು 0, 3, 7 ಮತ್ತು 28ನೆಯ ದಿನ ಚುಚ್ಚುಮದ್ದು. ರಕ್ತ ಬರುವ ಗಾಯವಾಗಿದ್ದರೆ ಗಾಯಕ್ಕೇ ಕೊಡುವ ಬೇರೆ ಮದ್ದೂ ಬೇಕಾಗುತ್ತದೆ, ವೈದ್ಯರನ್ನು ಕೇಳಿರಿ. ಕಾಯಿ ಕೆಡವುವ ಕಾಲ, ಕೊಯ್ಲಿನ ಕಾಲ ಎಂದು ಒಂದು ದಿನವನ್ನೂ ತಪ್ಪಿಸಬಾರದು. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲದೆ, ಸಾಧ್ಯವಾದರೆ ಹತ್ತು ದಿನ ಕಣ್ಣಿಟ್ಟು ನೋಡಬೇಕು. ಆದರೆ ನೋಡೋಣವೆಂದು ಲಸಿಕೆಯನ್ನು ಮುಂದೂಡಬಾರದು.

ದನಗಳಿಗೂ ಈ ರೋಗ ಬರುತ್ತದೆ. ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ನುಂಗಲಾರದೆ, ವಿಚಿತ್ರವಾಗಿ ಕೂಗುತ್ತಿದ್ದರೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈಹಾಕುವುದು ನಮ್ಮ ಅಭ್ಯಾಸ. ದಯವಿಟ್ಟು ಬರಿಗೈ ಹಾಕಬೇಡಿ. ಜೊಲ್ಲಿನಲ್ಲಿ ರೋಗವಿರಬಹುದು, ಬೆರಳಿನಲ್ಲಿ ಗಾಯವಿರಬಹುದು. ಮೊದಲು ಪಶು ವೈದ್ಯರಿಗೆ ತಿಳಿಸಿರಿ.

ನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ. ಆಮೇಲೆ ವೈದ್ಯರು ಹೇಳಿದಂತೆ, ವರ್ಷಕ್ಕೊಮ್ಮೆ ತಪ್ಪದೆ. ಯುಗಾದಿಗೋ ಊರ ಜಾತ್ರೆಗೋ ಗುರುತಿಟ್ಟುಕೊಂಡರೆ ಮರೆಯುವುದಿಲ್ಲ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಸಾಕಲಾರದ ಮರಿಗಳನ್ನು ಕ್ರಾಸಿನಲ್ಲಿ ಬಿಟ್ಟುಬರುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರಿ. ನಾವು ಬಿಟ್ಟುಬಂದ ಮರಿ ಇನ್ನೊಂದು ಊರಿನ ಮಗುವಿಗೆ ಬೀದಿನಾಯಿಯಾಗಿ ಎದುರಾಗುತ್ತದೆ.

ಬಾಂಧವರೇ, ಹೇಳಬೇಕಾದದ್ದನ್ನು ಹೇಳಿದ್ದೇನೆ. ಈ ವಾರದಲ್ಲಿ ಮೂರು ಕೆಲಸ ಮಾಡಿರೆಂದು ಕೇಳಿಕೊಳ್ಳುತ್ತೇನೆ. ಮನೆಯವರೆಲ್ಲ ಕುಳಿತು ನಾಯಿಯ ವಿಷಯದಲ್ಲಿ ಒಂದೇ ಮಾತಿಗೆ ಬನ್ನಿ. ಗಿಡ್ಡ ಸರಪಳಿಯನ್ನು ಬಿಚ್ಚಿ, ದಿನಕ್ಕೊಂದು ಸಲ ತೋಟ ಸುತ್ತಿಸಿರಿ. ಲಸಿಕೆ ಹಾಕಿಸಿ ವರ್ಷ ದಾಟಿದ್ದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಹೊಡೆತಕ್ಕೆ ಹೆದರಿದ ನಾಯಿ ಯಜಮಾನನ ಕೈಗೆ ಮಾತ್ರ ಹೆದರುತ್ತದೆ. ಕೈ ಕಾಣದ ಕಡೆ ಊರಿಗೆಲ್ಲ ಕೇಡು. ನಂಬಿದ ನಾಯಿ ಯಜಮಾನನು ಮಲಗಿದ್ದಾಗಲೂ ಅವನ ಮಾತಿನಂತೆಯೇ ನಡೆಯುತ್ತದೆ. ಅಟ್ಟದ ಕೊಬ್ಬರಿಗೂ ತೊಟ್ಟಿಲ ಮಗುವಿಗೂ ಬೇಕಾದ ಕಾವಲು ಅದು.